ಕುಡಿಯದ ಅಧ್ಯಕ್ಷರ ಕುಡಿಯುವ ಕಾರು

ಹೆಂಡತಿಯ ತಮ್ಮನ ಮಾತು ಕೇಳಬಾರದು ಎಂದು ನಮ್ಮ ಯಾವ ಶಾಸ್ತ್ರದಲ್ಲೂ ಬರೆದಂತಿಲ್ಲ. ಶಾಸ್ತ್ರ ಬರೆದವರಿಗೂ ಹೆಂಡತಿಯರಿದ್ದರು, ಅವರಿಗೂ ಓದಲು ಬರುತ್ತಿತ್ತು, ಹಾಗಾಗಿ ಆ ಒಂದು ಶ್ಲೋಕವನ್ನು ಬೇಕೆಂದೇ ಬಿಟ್ಟಿರಬೇಕು ಎಂಬುದು ನನ್ನ ಗುಮಾನಿ. ಬಿಟ್ಟದ್ದರಿಂದ ಹಾಳಾದವರಲ್ಲಿ ನಾನೂ ಒಬ್ಬ. ಕುಂದಾಪುರದ ಪೇಟೆಯಲ್ಲಿ ನನಗೊಂದು ಕನ್ನಡಕದ ಅಂಗಡಿಯಿದೆ. ಊರವರು ನನ್ನನ್ನು ಕಣ್ಣಿನ ಡಾಕ್ಟ್ರು ಎನ್ನುತ್ತಾರೆ. ನಾನು ಡಾಕ್ಟರಲ್ಲ ಎಂದು ಮೊದಮೊದಲು ತಿದ್ದುತ್ತಿದ್ದೆ. ಆಮೇಲೆ ಊರಿನ ಇಚ್ಛೆಗೆ ಅಡ್ಡ ಬರುವುದು ಸಣ್ಣತನವೆಂದು ಸುಮ್ಮನಾದೆ. ಗಿರಾಕಿಗಳಿಗೆಲ್ಲ ಗೋಡೆಯ ಮೇಲಿನ ಸಣ್ಣ ಅಕ್ಷರ ಓದಿಸುವ ನನಗೆ ಎದುರಿಗೇ ನಿಂತ ಬಾಮೈದ ಸರಿಯಾಗಿ ಕಾಣಲಿಲ್ಲ ಎಂಬುದೇ ಈ ಬರಹದ ಸಾರಾಂಶ. ಅವಸರದಲ್ಲಿರುವವರು ಇಲ್ಲಿಗೇ ನಿಲ್ಲಿಸಬಹುದು.

ಬಾಮೈದನ ಹೆಸರು ಸುಧೀರ. ಮುಂಬಯಿಗೆ ಹೋದ ನಮ್ಮ ಕಡೆಯವರೆಲ್ಲ ಹೋಟೆಲು ಸೇರಿದರೆ ಇವನೊಬ್ಬ ಗ್ಯಾರೇಜು ಸೇರಿದ. ಅಲ್ಲಿಂದ ವಾಪಸು ಬಂದು ಬ್ರಹ್ಮಾವರದಲ್ಲಿ ಸ್ವಂತ ಗ್ಯಾರೇಜು ತೆರೆದಾಗ ತನ್ನ ಜೊತೆಗೊಂದು ಕೆಂಪು ಕಾರನ್ನೂ ತಂದಿದ್ದ. ಎರಡೇ ಬಾಗಿಲು, ನೆಲಕ್ಕೆ ಅಂಟಿದ ಹೊಟ್ಟೆ, ಹಿಂದುಗಡೆ ಯಾರೋ ಮಣೆ ಮರೆತುಹೋದ ಹಾಗೆ ಒಂದು ರೆಕ್ಕೆ. ಒಂದು ಕಾಲದಲ್ಲಿ ಪುಣೆ ಕಡೆ ರ‍್ಯಾಲಿಗಳಲ್ಲಿ ಓಡಿದ ಗಾಡಿಯಂತೆ. “ಭಾವ, ಇದ್ ಬರೀ ಕಾರಲ್ಲ ಮರಾಯ್ರೆ, ಪರ್ಫಾರ್ಮೆನ್ಸ್ ಕಾರ್! ಒಂದ್ಸಲ ಕೂಕಂಡ್ ಕಾಣಿ,” ಎಂದ. ಕುಳಿತೆ. ಏಳಲು ಇಬ್ಬರು ಕೈ ಕೊಡಬೇಕಾಯಿತು. ಹಾಗೆ ಕೈಕೊಟ್ಟು ಎಬ್ಬಿಸುವಷ್ಟರಲ್ಲಿ ಕಾರು ನನ್ನದಾಗಿತ್ತು. ನನ್ನ ಹೆಂಡತಿ ಸುಮತಿ ತಮ್ಮನೆಂಬ ಮಮತೆಯನ್ನೂ ಬದಿಗಿಟ್ಟು, “ಇದ್ರಗೆ ಕೂಕಂಬ್ದಲ್ಲ, ಬೀಳುದ್,” ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು.

ಪರ್ಫಾರ್ಮೆನ್ಸ್ ಕಾರು ಎಂದರೆ ಏನೆಂದು ನನ್ನ ಅನುಭವದಿಂದ ಹೇಳುತ್ತೇನೆ. ರಸ್ತೆಯೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಓಡಬಲ್ಲ ಕಾರು. ಆಗ ನಮ್ಮ ಹೆದ್ದಾರಿಯನ್ನು ಚತುಷ್ಪಥ ಮಾಡುತ್ತೇವೆಂದು ಅಗೆದು ಹಾಕಿದ್ದರು. ‘ಕಾಮಗಾರಿ ಪ್ರಗತಿಯಲ್ಲಿದೆ’ ಎಂಬ ಬೋರ್ಡಿನ ಮೇಲೆ ಬಳ್ಳಿ ಹಬ್ಬಿತ್ತು. ಪ್ರಗತಿಯಲ್ಲಿದ್ದದ್ದು ಆ ಬಳ್ಳಿಯೊಂದೇ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ನೂರರ ವೇಗ ಮುಟ್ಟಬಲ್ಲ ನನ್ನ ಕಾರು ಡ್ರಮ್ಮು, ಡೈವರ್ಶನ್ನು, ಹೊಂಡಗಳ ನಡುವೆ ಬಸುರಿ ಹೆಂಗಸಿನ ಹಾಗೆ ಹೋಗುತ್ತಿತ್ತು. ಎಕ್ಸ್‌ಪ್ರೆಸ್ ಬಸ್ಸುಗಳು ಬಿಡಿ, ಸಿಮೆಂಟು ತುಂಬಿದ ಲಾರಿಗಳು ಸಹ ನಮ್ಮನ್ನು ಹಿಂದೆ ಹಾಕುತ್ತಿದ್ದವು. ಇನ್ನು ಹಂಪುಗಳು. ನಮ್ಮೂರಲ್ಲಿ ಹಂಪು ಹಾಕುವವರಿಗೆ ವೇಗ ತಡೆಯುವ ಉದ್ದೇಶವಿಲ್ಲ, ಕೋಟೆ ಕಟ್ಟುವ ಹುಮ್ಮಸ್ಸು. ಕಾರಿನ ಹೊಟ್ಟೆ ಉಜ್ಜಬಾರದೆಂದು ಪ್ರತಿ ಹಂಪಿಗೂ ಸುಮತಿ ಇಳಿದು, ಆಚೆ ದಾಟಿ, ಮತ್ತೆ ಹತ್ತಬೇಕು. ಅಂಗಡಿ ಜಗಲಿಯಲ್ಲಿ ಕೂತವರು “ಎಂತ ಸುಮತಕ್ಕ, ಗಂಡನೊಟ್ಟಿಗೆ ಜಗಳವಾ?” ಎಂದು ಕೇಳಿ ಕೇಳಿ ಅವಳಿಗೆ ಕಾರಿನ ಮೇಲಿದ್ದ ಅಲ್ಪ ಸ್ವಲ್ಪ ಕರುಣೆಯೂ ಆರಿಹೋಯಿತು.

ಇಷ್ಟಕ್ಕೇ ನಿಂತಿದ್ದರೆ ಸಂಸಾರ ಸಾಗುತ್ತಿತ್ತು. ಪೆಟ್ರೋಲಿನ ಬೆಲೆ ಮತ್ತೊಮ್ಮೆ ಏರಿದ ದಿನ ಸುಧೀರ ಬಂದ. ಜಗತ್ತಿನ ಯಾವ ಕೆಟ್ಟ ಸುದ್ದಿಯೂ ಅವನಿಗೆ ಒಳ್ಳೆಯ ಸುದ್ದಿಯೇ. “ಪೆಟ್ರೋಲಲ್ಲಿ ಎಂತ ಇತ್ತ್ ಭಾವ? ನಾವ್ ಎಥನಾಲ್ ಹಾಕುವ. ರೇಸಿನ್ ಕಾರಿಗೆಲ್ಲ ಅದೇ ಅಂಬ್ರ್. ಆಕ್ಟೇನ್ ಜಾಸ್ತಿ, ಇಂಜಿನ್ ತಂಪ್. ಬ್ರೆಜಿಲ್‌ನಗೆ ಇಡೀ ದೇಶವೇ ಅದ್ರಗೆ ಓಡತ್ತ್!” ಆಕ್ಟೇನ್ ಎಂದರೇನೆಂದು ನಾನು ಕೇಳಲಿಲ್ಲ. ಗೊತ್ತಿಲ್ಲ ಎಂದು ತೋರಿಸಿಕೊಂಡರೆ ಭಾವ ಎಂಬ ಸ್ಥಾನಕ್ಕೆ ಕುಂದು. ಬ್ರೆಜಿಲ್ ಓಡುತ್ತಿರುವಾಗ ಕುಂದಾಪುರ ನಿಲ್ಲುವುದು ಸರಿಯಲ್ಲ ಎಂದಷ್ಟೇ ಅನ್ನಿಸಿತು. ಎಥನಾಲ್ ಎಂದರೆ ಆಲ್ಕೋಹಾಲ್ ಎಂಬ ಸಂಗತಿ ನನಗೆ ಹೊಳೆದದ್ದು ಅವನು ಕಾರ್ಬ್ಯುರೇಟರು ಬಿಚ್ಚಿದ ಮೇಲೆ. “ಅಂದರೆ ಸಾರಾಯಿಯೇನೋ?” ಎಂದೆ ಗಾಬರಿಯಲ್ಲಿ. “ಸಾರಾಯಿ ಅಲ್ಲ ಭಾವ, ಸಾರಾಯಿ ದೊಡ್ಡಪ್ಪ. ಅದ್ರಗೆ ನೀರಿರತ್ತ್, ಇದ್ರಗೆ ಇಲ್ಲೆ,” ಎಂದು ಸಮಾಧಾನ ಹೇಳಿದ. ಎಥನಾಲು ಪೆಟ್ರೋಲಿಗಿಂತ ಹೆಚ್ಚು ಬೇಕಾಗುವುದರಿಂದ ಕಾರ್ಬ್ಯುರೇಟರಿನ ತೂತುಗಳನ್ನು ದೊಡ್ಡದು ಮಾಡಿದ. ಇನ್ನು ಮೇಲೆ ಈ ಕಾರಿಗೆ ಪೆಟ್ರೋಲು ಒಗ್ಗುವುದಿಲ್ಲ ಎಂದೂ ಹೇಳಿದ. ಹಾಗೆ ಹೇಳಿದ್ದು ತೂತು ಮಾಡಿ ಆದ ಮೇಲೆ.

ಆಮೇಲೆ ತಿಳಿದ ಸಂಗತಿ ಏನೆಂದರೆ, ಬ್ರಹ್ಮಾವರದಿಂದ ಬೈಂದೂರಿನ ತನಕ ಮನುಷ್ಯರಿಗೆ ಎಥನಾಲು ಸಿಗುವ ಜಾಗಗಳು ಹೆಜ್ಜೆಗೊಂದು. ಕಾರಿಗೆ ಸಿಗುವ ಜಾಗ ಮಾತ್ರ ಒಂದೂ ಇಲ್ಲ. ಮರದ ಸಾಮಾನಿಗೆ ಪಾಲಿಶು ಹೊಡೆಯುವ, ಲೈಸೆನ್ಸು ಇರುವ ಪರಿಚಯದವರೊಬ್ಬರ ಮೂಲಕ ಸುಧೀರ ಕ್ಯಾನುಗಟ್ಟಲೆ ಸ್ಪಿರಿಟ್ ತಂದುಕೊಡುತ್ತಿದ್ದ. ಜನ ಕುಡಿಯದಿರಲೆಂದು ಅದಕ್ಕೆ ಎಂತದೋ ಕಹಿ ವಿಷ ಬೆರೆಸಿರುತ್ತಾರಂತೆ. ಅಡುಗೆ ಮನೆಯ ಹತ್ತಿರ ಅದನ್ನು ಇಟ್ಟರೆ ತಾನು ಮನೆಯಲ್ಲಿರುವುದಿಲ್ಲ ಎಂದು ಸುಮತಿ ಹೇಳಿದ್ದರಿಂದ ಬಾವಿಕಟ್ಟೆಯ ಹಿಂದೆ ತಗಡಿನ ಮಾಡು ಮಾಡಿ ಇಟ್ಟೆ. “ಸಮಾ ಮುಚ್ಚಳ ಹಾಕಿಡಿ ಭಾವ, ಇದ್ ಗಾಳಿಯಗಿನ್ ನೀರ್ ಎಳ್ಕಂತ್ತ್,” ಎಂದು ಸುಧೀರ ಎಚ್ಚರಿಸಿದ್ದ. ಒಂದು ಕ್ಯಾನಿನ ಮುಚ್ಚಳ ಎಲ್ಲೋ ಬಿದ್ದುಹೋಯಿತು. ಅದಕ್ಕೆ ನಾನು ನಮ್ಮ ಕಡೆಯವರು ಎಲ್ಲದಕ್ಕೂ ಮಾಡುವ ಹಾಗೆ ಒಂದು ಪ್ಲಾಸ್ಟಿಕ್ ತೊಟ್ಟೆ ಸುತ್ತಿ ರಬ್ಬರ್ ಬ್ಯಾಂಡು ಹಾಕಿದೆ. ಆಸಾಡಿಯ ಮಳೆ ಹಿಡಿದಿತ್ತು. ಡಬ್ಬಿಯೊಳಗಿನ ಹಪ್ಪಳ ಬಟ್ಟೆಯಂತಾಗುವ, ಉಪ್ಪು ತಾನಾಗಿ ಗಂಜಿಯಾಗುವ, ಬೆಂಕಿಪೊಟ್ಟಣ ಗೀರಿದರೆ ಮದ್ದಿನ ತಲೆ ಕಿತ್ತು ಬರುವ ನಮ್ಮ ಮಳೆಗಾಲಕ್ಕೆ ಒಂದು ತೊಟ್ಟೆ ಯಾವ ಲೆಕ್ಕ?

ಈಗ ನನ್ನ ಇನ್ನೊಂದು ಪದವಿಯ ಬಗ್ಗೆ ಹೇಳಬೇಕು. ನಾನು ಹುಟ್ಟಿದಂದಿನಿಂದ ಒಂದು ಹನಿ ಮದ್ಯ ಮುಟ್ಟಿದವನಲ್ಲ. ಇದು ಆದರ್ಶವಲ್ಲ, ಪಿತ್ತದ ಪ್ರಕೃತಿ. ಆದರೆ ಊರಿನಲ್ಲಿ ಕುಡಿಯದವನಿಗೆ ಒಂದು ಶಿಕ್ಷೆ ಕಾದಿರುತ್ತದೆ: ಅವನನ್ನು ಮದ್ಯವರ್ಜನ ಶಿಬಿರದ ಅಧ್ಯಕ್ಷನನ್ನಾಗಿ ಮಾಡುತ್ತಾರೆ. ಕುಡಿಯುವವರನ್ನು ಒಂದು ವಾರ ಒಂದೇ ಕಡೆ ಇರಿಸಿ, ಭಜನೆ, ಯೋಗ, ಔಷಧ, ಭಾಷಣ ಎಲ್ಲ ಕೊಟ್ಟು ಬಿಡಿಸುವ ಏರ್ಪಾಟು ಅದು. ಭಾಷಣ ನನ್ನ ಖಾತೆ. ಕುಡಿತದ ಬಗ್ಗೆ ಏನೇನೂ ಅನುಭವವಿಲ್ಲದ್ದರಿಂದ ನಾನು ಬಹಳ ಅಧಿಕಾರಯುತವಾಗಿ ಮಾತನಾಡುತ್ತಿದ್ದೆ. ಕರಾವಳಿಯಲ್ಲಿ ಈ ಶಿಬಿರಕ್ಕೆ ಮಳೆಗಾಲವೇ ಸರಿಯಾದ ಹೊತ್ತು. ಮೀನುಗಾರಿಕೆಗೆ ರಜೆ, ಬೋಟುಗಳೆಲ್ಲ ದಡದ ಮೇಲೆ, ಗಂಡಸರು ಕೈಗೆ ಸಿಗುತ್ತಾರೆ. ಕೆಲಸವಿಲ್ಲದೆ ಜಾಸ್ತಿ ಕುಡಿಯುವುದೂ ಆವಾಗಲೇ. ಆ ವರ್ಷದ ಶಿಬಿರ ಕಿರಿಮಂಜೇಶ್ವರದ ಒಂದು ಸಭಾಭವನದಲ್ಲಿತ್ತು. ಮನೆಯ ಹಿತ್ತಿಲಲ್ಲಿ ಸಾರಾಯಿಯ ದೊಡ್ಡಪ್ಪನನ್ನು ಇಟ್ಟುಕೊಂಡು ಮುಂದಿನ ಜಗಲಿಯಲ್ಲಿ ಅಧ್ಯಕ್ಷ ಭಾಷಣ ಬರೆಯುತ್ತಿದ್ದ ನನಗೆ ಅದರಲ್ಲಿ ಯಾವ ವಿರೋಧಾಭಾಸವೂ ಕಾಣಲಿಲ್ಲ ಎಂದರೆ ನೀವು ನಂಬಬೇಕು.

ಶಿಬಿರದ ಮುನ್ನಾದಿನ ಗುಲಾಬಿ ಬಂದಳು. ಕಡಲ ಬದಿಯ ಕೋಡಿ ಊರಿನವಳು, ನಮ್ಮ ಮನೆಗೆ ಮೀನು ತರುವವಳು. ಬುಟ್ಟಿ ಇಳಿಸಿದವಳು ಒಣಮೀನಿನ ಮಾತೆತ್ತಲಿಲ್ಲ. “ಡಾಕ್ಟ್ರೆ, ನಮ್ಮನಿಯವ್ರ್ ಈ ಸಲ ಶಿಬಿರಕ್ಕೆ ಬತ್ತೆ ಅಂದಿರ್. ಹ್ವಾದ್ ವರ್ಷವೂ ಅಂದಿದ್ರ್. ನಿಮ್ ಶಿಬಿರದ್ ಜೀಪ್ ಬಪ್ಪುಕೆ ತಡ ಆಯ್ತ್, ಅಷ್ಟೊತ್ತಿಗೆ ಇವ್ರ್ ಮನಿಯಗಿಲ್ಲೆ. ಸಂಜಿಗೆ ಗಟಾರದ್ ಬದಿಯಗೆ ಸಿಕ್ರ್. ಈ ಸಲವೂ ತಪ್ರೆ ನಾ ಮಕ್ಳನ್ನ ಕಟ್ಕಂಡ್ ಅಪ್ಪನ ಮನಿಗ್ ಹೋಪುದೇ, ಮತ್ತೆ ಬಪ್ಪುದಿಲ್ಲೆ,” ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಅವಳ ಗಂಡ ಶೀನ ಬೋಟಿನಲ್ಲಿ ತಾಂಡೇಲ. ಸಮುದ್ರದಲ್ಲಿ ಬೋಟು ನಡೆಸುವಾಗ ಎಂಥ ಗಾಳಿಗೂ ಜಗ್ಗದವನು ದಡಕ್ಕೆ ಬಂದ ಮೇಲೆ ನೆಟ್ಟಗೆ ನಿಲ್ಲಲಾರದವನು. ಅವನ ಮನಸ್ಸು ಗಟ್ಟಿಯಿರುವ ಹೊತ್ತು ಬೆಳಗಿನ ಒಂದೆರಡು ತಾಸು. ಅದರೊಳಗೆ ಅವನನ್ನು ಕಿರಿಮಂಜೇಶ್ವರಕ್ಕೆ ಮುಟ್ಟಿಸಬೇಕು. ವೇಗ! ನನ್ನ ಕಾರಿಗೆ ಕೊನೆಗೂ ಒಂದು ಕೆಲಸ ಹುಟ್ಟಿತು. “ಬಸ್ಸಿಗೆ ಕರ್ಕಂಡ್ ಹೋಯ್ನಿ, ಸುಮ್ನೆ,” ಎಂದ ಸುಮತಿಯ ಮಾತು ನನ್ನ ಕಿವಿಗೆ ಬೀಳಲಿಲ್ಲ. “ಹೆದರಬೇಡ ಗುಲಾಬಿ, ನನ್ನ ಕಾರಿನಲ್ಲೇ ಕರೆದುಕೊಂಡು ಹೋಗುತ್ತೇನೆ,” ಎಂದೆ. ಅವಳು ಕೈ ಮುಗಿದಳು. ಪಾಪ, ಅವಳಿಗೇನು ಗೊತ್ತು.

ಮರುದಿನ ಬೆಳಿಗ್ಗೆ ಶೀನ ಮಿಂದು, ಬಿಳಿ ಪಂಚೆಯುಟ್ಟು, ತಲೆಗೆ ಎಣ್ಣೆ ಹಾಕಿ ಬಾಚಿ ಸಿದ್ಧನಾಗಿದ್ದ. ಕೈಬೆರಳುಗಳು ಮಾತ್ರ ತಾವಾಗಿ ನಡುಗುತ್ತಿದ್ದವು. ಗುಲಾಬಿಯನ್ನು ಮಡಚಿ ಹಿಂದಿನ ಸೀಟಿಗೆ ತುಂಬಿ, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಸಂಗಮದ ಸೇತುವೆ ದಾಟುವಷ್ಟರಲ್ಲಿ ಅವನ ಮೂಗು ಅರಳಿತು. “ಹ್ವಾಯ್ ಡಾಕ್ಟ್ರೆ, ಇದೆಂತ ವಾಸನಿ? ಲಾಯ್ಕಿತ್ತಲೆ!” ಎಂದ. ಇಂಧನದ ವಾಸನೆ ಎಂದೆ. ಯಾವ ಇಂಧನ ಎಂದು ಬಿಡದೆ ಕೇಳಿದ. ಸುಳ್ಳು ಹೇಳಲು ಅಧ್ಯಕ್ಷಸ್ಥಾನ ಅಡ್ಡ ಬಂತು. ವಿವರಿಸಿದೆ. ಶೀನ ತುಂಬ ಹೊತ್ತು ಡ್ಯಾಶ್‌ಬೋರ್ಡನ್ನು ಗೌರವದಿಂದ ನೋಡಿದ. “ಕಾರ್ ಕುಡೀಲಕ್ಕ್, ನಾ ಕುಡೀಕಾಗ. ಇದ್ ಯಾವ ನ್ಯಾಯ ಡಾಕ್ಟ್ರೆ?” ಎಂದ. ಕಾರಿಗೆ ಹೆಂಡತಿ ಮಕ್ಕಳಿಲ್ಲ ಎಂದು ನಾನು ನನ್ನ ಭಾಷಣದ ಮೂರನೇ ಪುಟದಿಂದ ಉತ್ತರ ಕೊಟ್ಟೆ. “ಹಾಂಗಾರೆ ಕಾರಿನ್ ಜನ್ಮವೇ ಲಾಯ್ಕ್,” ಎಂದು ಅವನು ಕಿಟಕಿಯ ಕಡೆ ತಿರುಗಿದ. ಹಿಂದಿನಿಂದ ಗುಲಾಬಿ, “ಎಂತ ಮರಾಯ್ರೆ, ನೀವೂ ಇಂಥದ್ದನ್ನೇ ಸಾಕ್ಕಂಡಿದ್ರ್ಯಾ?” ಎಂದಳು. ಅವಳ ದನಿಯಲ್ಲಿದ್ದದ್ದು ಕೋಪವಲ್ಲ, ನಿರಾಸೆ. ಕೋಪವಾಗಿದ್ದರೆ ಪರವಾಗಿರಲಿಲ್ಲ.

ತ್ರಾಸಿ ದಾಟಿ ಮರವಂತೆಗೆ ಬಂದಾಗ ಕಾರು ಒಮ್ಮೆ ಕೆಮ್ಮಿತು. ಎರಡು ಸಲ ಮುಗ್ಗರಿಸಿತು. ಮತ್ತೆ ಒಮ್ಮೆಲೇ ನಿಂತಿತು. ಎಡಗಡೆ ಸಮುದ್ರ, ಬಲಗಡೆ ಸೌಪರ್ಣಿಕಾ ನದಿ, ಮೇಲಿನಿಂದ ಮಳೆ, ಅದು ಸಾಲದೆಂದು ಟ್ಯಾಂಕಿನ ಒಳಗೂ ನೀರು. ಹಿಂದಿನ ದಿನ ನಾನು ತುಂಬಿದ್ದು ತೊಟ್ಟೆ ಕಟ್ಟಿದ ಕ್ಯಾನನ್ನು ಎಂಬುದು ಆಗ ನೆನಪಾಯಿತು. ಸುಧೀರನಿಗೆ ಫೋನು ಮಾಡಿದರೆ, “ಟ್ಯಾಂಕಿನದ್ದೆಲ್ಲ ತೆಗ್ದ್ ಹೊಸತ್ ಹಾಕಿ ಭಾವ, ಸುಲಭ,” ಎಂದ. ಡಿಕ್ಕಿಯಲ್ಲಿ ಮುಚ್ಚಳವಿದ್ದ ಒಂದು ಕ್ಯಾನು ಇತ್ತು, ಒಂದು ರಬ್ಬರ್ ಪೈಪೂ ಇತ್ತು. ಇನ್ನೂ ಒಂದಿತ್ತು. ಕೂಗಳತೆ ದೂರದಲ್ಲಿ, ಹೋಗುವ ದಿಕ್ಕಿನಲ್ಲೇ, ಒಂದು ಬಾರ್ ಎಂಡ್ ರೆಸ್ಟೋರೆಂಟು ಆಗಷ್ಟೇ ಬಾಗಿಲು ತೆರೆಯುತ್ತಿತ್ತು. ಶೀನ ಅದನ್ನು ನೋಡಿದ. ಗುಲಾಬಿ ಶೀನನನ್ನು ನೋಡಿದಳು. “ಒಂದ್ ಚೂರ್ ಮೂತ್ರಕ್ಕೆ ಹೋಯ್ ಬತ್ತೆ,” ಎಂದು ಅವನು ಇಳಿದ. ಅವಳು ಅವನ ಅಂಗಿಯ ತುದಿ ಹಿಡಿದುಕೊಂಡೇ ಇಳಿದಳು. ಆ ಹಿಡಿತ ಎಷ್ಟು ಹೊತ್ತು ನಿಲ್ಲುತ್ತದೆಂದು ಮೂವರಿಗೂ ಗೊತ್ತಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಅವಳ ಒಂದು ವರ್ಷದ ಕಾಯುವಿಕೆಯನ್ನು ತಂದು ಬಾರಿನ ಬಾಗಿಲಿಗೆ ನಿಲ್ಲಿಸಿದವನು ಬೇರೆ ಯಾರೂ ಅಲ್ಲ, ಮದ್ಯವರ್ಜನ ಶಿಬಿರದ ಅಧ್ಯಕ್ಷ.

ಪೈಪಿನ ಒಂದು ತುದಿಯನ್ನು ಟ್ಯಾಂಕಿಗೆ ಇಳಿಸಿ ಇನ್ನೊಂದು ತುದಿಯನ್ನು ಬಾಯಿಗಿಟ್ಟು ಜೋರಾಗಿ ಎಳೆದೆ. ಸೀಮೆಎಣ್ಣೆಯನ್ನು ಹಾಗೆ ಎಳೆದ ಅನುಭವ ನನಗಿತ್ತು. ಆದರೆ ಸೀಮೆಎಣ್ಣೆ ಮರ್ಯಾದಸ್ಥ ವಸ್ತು, ಸಾವಕಾಶ ಬರುತ್ತದೆ. ಇದು ಬಂದ ರಭಸಕ್ಕೆ ಬಾಯಿ, ಗಂಟಲು, ಮೂಗು ಒಟ್ಟಿಗೇ ಹೊತ್ತಿಕೊಂಡ ಹಾಗಾಯಿತು. ಹೆಚ್ಚಿನದನ್ನು ಉಗುಳಿದೆ, ಎಷ್ಟು ಒಳಗೆ ಹೋಯಿತೋ ಅಷ್ಟು ಹೋಯಿತು. ಕೈಯಿಂದ ಜಾರಿದ ಪೈಪು ಹಾವಿನ ಹಾಗೆ ಹೊರಳಿ ಅಂಗಿ, ಪಂಚೆ, ಮುಖವನ್ನೆಲ್ಲ ತೋಯಿಸಿತು. ಉರಿಯುವ ಕಣ್ಣು ಒರೆಸಲು ಕನ್ನಡಕ ತೆಗೆದೆ. ಅದೇ ಹೊತ್ತಿಗೆ ದೊಡ್ಡದೊಂದು ತೆರೆ ತಡೆಗೋಡೆಯ ಕಲ್ಲಿಗೆ ಬಡಿದು ರಸ್ತೆಗೆ ಹಾರಿತು, ಕನ್ನಡಕ ಕಲ್ಲುಗಳ ಸಂದಿಗೆ ಹೋಯಿತು. ಊರಿಗೆಲ್ಲ ಕನ್ನಡಕ ಹಾಕಿಸಿದವನು ಕುರುಡನಾಗಿ, ಕಣ್ಣು ಕೆಂಪಾಗಿ, ವಾಂತಿ ಮಾಡುತ್ತ, ಸ್ಪಿರಿಟಿನ ವಾಸನೆ ಬೀರುತ್ತ ಹೆದ್ದಾರಿಯ ಬದಿಯಲ್ಲಿ ಕುಕ್ಕರಿಸಿದೆ. ಬಾರಿನ ಕಡೆ ಹೊರಟಿದ್ದ ಶೀನ ಓಡಿ ಬಂದು ನನ್ನನ್ನು ಹಿಡಿದುಕೊಂಡ. “ಹ್ವಾಯ್ ಡಾಕ್ಟ್ರೆ! ಇಷ್ಟ್ ವರ್ಷ ಕುಡ್ದ್ರೂ ನಾ ಒಂದ್ ದಿನ ಪೈಪ್ ಹಾಕಂಡ್ ಕುಡೀಲಿಲ್ಲೆ ಮರಾಯ್ರೆ!” ಎಂದ. ಅವನ ದನಿಯಲ್ಲಿ ತಮಾಷೆಯಿರಲಿಲ್ಲ, ಗಾಬರಿಯಿತ್ತು.

ಗುಲಾಬಿ ಕೈ ಅಡ್ಡ ಹಿಡಿದು ಮಂಜುಗಡ್ಡೆ ಒಯ್ಯುವ ಒಂದು ಟೆಂಪೋ ನಿಲ್ಲಿಸಿದಳು. ಶೀನ ನನ್ನನ್ನು ಎತ್ತಿ ಹಿಂದೆ ಹಾಕಿ, ನನ್ನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಸಾಯಬೇಡಿ ಡಾಕ್ಟ್ರೆ, ಸಾಯಬೇಡಿ ಎಂದು ದಾರಿಯುದ್ದಕ್ಕೂ ಬೆನ್ನು ತಿಕ್ಕಿದ. ನನ್ನ ವಾಂತಿ ತನ್ನ ಬಿಳಿ ಪಂಚೆಗೆ ತಾಗದಂತೆ ನೋಡಿಕೊಳ್ಳುವ ಗಡಿಬಿಡಿಯಲ್ಲಿ ಟೆಂಪೋ ಬಾರನ್ನು ದಾಟಿದ್ದು ಅವನ ಗಮನಕ್ಕೇ ಬರಲಿಲ್ಲವಂತೆ. ಗುಲಾಬಿ ಆಮೇಲೆ ಹೇಳಿದ್ದು. ಅವಳು ಅದನ್ನು ನೋಡಿಯೂ ಉಸಿರು ಬಿಗಿಹಿಡಿದು ಕೂತಿದ್ದಳಂತೆ.

ಕಿರಿಮಂಜೇಶ್ವರದಲ್ಲಿ ಗೇಟಿನ ಬಳಿಯಿದ್ದ ಸ್ವಯಂಸೇವಕರು ಹೊಸಬರು, ಬೇರೆ ತಾಲೂಕಿನವರು. ಇಬ್ಬರು ಗಂಡಸರು, ಒಬ್ಬಳು ಹೆಂಗಸು ಬಂದಿದ್ದಾರೆ. ಗಂಡಸರಲ್ಲಿ ಒಬ್ಬನಿಗೆ ತಲೆ ಬಾಚಿದೆ, ಇನ್ನೊಬ್ಬನಿಗೆ ನಿಲ್ಲಲಾಗುತ್ತಿಲ್ಲ. ಯಾರು ಶಿಬಿರಾರ್ಥಿ ಎಂದು ಕೇಳುವ ಅಗತ್ಯ ಅವರಿಗೆ ಕಾಣಲಿಲ್ಲ. ನನ್ನನ್ನು ಚಾಪೆಯ ಮೇಲೆ ಮಲಗಿಸಿ, ಡಾಕ್ಟರನ್ನು ಕರೆಸಿ, ಬಾಯಿ ತೊಳೆಸಿ, ಎದೆಗೊಂದು ನಂಬರಿನ ಬಿಲ್ಲೆ ಚುಚ್ಚಿದರು. ಶೀನನಿಗೆ ಕುರ್ಚಿ ಹಾಕಿ ಚಹಾ ಕೊಟ್ಟರು. “ಇವರಿಗೆ ಎಷ್ಟು ವರ್ಷದಿಂದ ಈ ಅಭ್ಯಾಸ?” ಎಂದು ಒಬ್ಬ ಅವನನ್ನು ಕೇಳಿದ. ಶೀನ ಸತ್ಯವಂತ. “ಮೊದ್ಲ್ ಕಂಡಿಲ್ಲೆ. ಇವತ್ತ್ ಮಾತ್ರ ಪೈಪಗೆ ಕುಡ್ದ್ರ್,” ಎಂದ. ಮೈಕಿನಲ್ಲಿ ಯಾರೋ, ಅಧ್ಯಕ್ಷರು ದಾರಿಯಲ್ಲಿದ್ದಾರೆ, ಇನ್ನೇನು ಬಂದರು ಎನ್ನುತ್ತಿದ್ದರು. ನಾನು ಚಾಪೆಯಿಂದ ಅರ್ಧ ಎದ್ದು, ನಾನೇ ಅಧ್ಯಕ್ಷ ಎಂದೆ. ಸ್ವಯಂಸೇವಕ ಪ್ರೀತಿಯಿಂದ ನನ್ನ ಎದೆ ಒತ್ತಿ ಮಲಗಿಸಿದ. “ಹೌದೌದು, ಮಲಗಿ. ಆಚೆ ಚಾಪೆಯಲ್ಲಿರುವವರು ತಹಶೀಲ್ದಾರರಂತೆ,” ಎಂದ. ಸಮಿತಿಯವರು ಬಂದು ಗುರುತು ಹಿಡಿಯುವ ಹೊತ್ತಿಗೆ ಶಿಬಿರಾರ್ಥಿಗಳ ಮನೆಯವರೆಲ್ಲ ನನ್ನನ್ನು ಚೆನ್ನಾಗಿ ನೋಡಿಯಾಗಿತ್ತು. ಬಿಲ್ಲೆಯನ್ನು ನನ್ನಿಂದ ಬಿಚ್ಚಿ ಶೀನನಿಗೆ ಚುಚ್ಚಿದರು. ಆ ವರ್ಷ ಅಧ್ಯಕ್ಷ ಭಾಷಣ ಇರಲಿಲ್ಲ. ಶಿಬಿರ ಹಿಂದೆಂದೂ ಇಲ್ಲದಷ್ಟು ಯಶಸ್ವಿಯಾಯಿತು ಎಂದು ಎಲ್ಲರೂ ಹೇಳಿದರು.

ಕಾರನ್ನು ಸುಧೀರ ಎಳೆಸಿಕೊಂಡು ಹೋಗಿ ಬಿಚ್ಚಿ ನೋಡಿದ. ರಬ್ಬರು ಕೊಳವೆಗಳೆಲ್ಲ ನೆನೆಸಿಟ್ಟ ಉದ್ದಿನ ಹಾಗೆ ಉಬ್ಬಿದ್ದವು, ಟ್ಯಾಂಕಿನ ಒಳಗೆ ತುಕ್ಕು. “ಎಥನಾಲಿಂದ್ ಎಂತ ತಪ್ಪಿಲ್ಲೆ ಭಾವ, ನಮ್ಮೂರ್ ಹವೆಯೇ ಸಮ ಇಲ್ಲೆ,” ಎಂದ. ಅವನಿಗೆ ಬ್ರೆಜಿಲಿನ ಮೇಲಿನ ಭಕ್ತಿ ಇಂದಿಗೂ ಕುಂದಿಲ್ಲ. ಸರ್ಕಾರವೇ ಪಂಪಿನ ಪೆಟ್ರೋಲಿಗೆ ಒಂದಿಷ್ಟು ಎಥನಾಲು ಬೆರೆಸುತ್ತದೆಂದು ಪೇಪರಿನಲ್ಲಿ ಓದಿದಾಗಲೆಲ್ಲ ತಾನು ಮೊದಲೇ ಹೇಳಿದ್ದೆ ಎಂದು ಫೋನು ಮಾಡುತ್ತಾನೆ. ನಾನೀಗ ಬಸ್ಸಿನಲ್ಲಿ ಓಡಾಡುತ್ತೇನೆ. ಹಂಪು ಬಂದರೂ ಯಾರೂ ಇಳಿಯಬೇಕಿಲ್ಲ.

ಶೀನ ಬಿಟ್ಟ. ನಿಜವಾಗಿ ಬಿಟ್ಟ. ಗುಲಾಬಿ ಅಪ್ಪನ ಮನೆಗೆ ಹೋಗುವುದು ಈಗ ಹಬ್ಬಕ್ಕೆ ಮಾತ್ರ. ಪ್ರತಿ ವರ್ಷದ ಶಿಬಿರದಲ್ಲಿ ಅವನನ್ನು ವೇದಿಕೆಗೆ ಕರೆದು ಅನುಭವ ಹೇಳಿಸುತ್ತಾರೆ. ಅವನು ನನ್ನ ಹೆಸರು ಹೇಳುವುದಿಲ್ಲ, ಅಷ್ಟು ಮರ್ಯಾದೆ ಅವನಲ್ಲಿದೆ. ಕುಂದಾಪುರ ಪೇಟೆಯಲ್ಲಿ ಕನ್ನಡಕದಂಗಡಿ ಇಟ್ಟ ಒಬ್ಬ ದೊಡ್ಡ ಜನ ಎನ್ನುತ್ತಾನೆ ಅಷ್ಟೆ. “ಅವ್ರ್ ಅವಸ್ಥಿ ಕಂಡದ್ದೇ ನಂಗ್ ಬ್ಯಾಡ ಅನ್ಸ್ತ್. ಅಂಥವ್ರೇ ಬಿಟ್ರ್ ಅಂದ್ರೆ ನಮ್ಗೆಂತ ಕಷ್ಟ?” ಎಂದು ಮುಗಿಸಿದಾಗ ಚಪ್ಪಾಳೆ ನಿಲ್ಲುವುದಿಲ್ಲವಂತೆ. ಹೀಗೆ ಯಾವತ್ತೂ ಕುಡಿಯದ ನಾನು ಮೂರು ತಾಲೂಕಿನಲ್ಲಿ ಕುಡಿತ ಬಿಟ್ಟವನೆಂದು ಪ್ರಸಿದ್ಧನಾಗಿದ್ದೇನೆ. ದಾರಿಯಲ್ಲಿ ಅಪರಿಚಿತರು ಕೈಕುಲುಕಿ, ಗಟ್ಟಿ ಮನಸ್ಸು ಮಾಡಿದಿರಿ ಎನ್ನುತ್ತಾರೆ.

ಮೊನ್ನೆ ಬೈಂದೂರಿನ ಕಡೆಯ ಒಬ್ಬಳು ಗಂಡನನ್ನು ಎಳೆದುಕೊಂಡು ಅಂಗಡಿಗೆ ಬಂದಳು. ಕಣ್ಣು ತೋರಿಸಲು ಇರಬೇಕೆಂದು ನಾನು ಅಕ್ಷರದ ಹಲಗೆಯ ದೀಪ ಹಾಕಿದೆ. “ಕಣ್ಣಿಗಲ್ಲ ಡಾಕ್ಟ್ರೆ. ನೀವ್ ಹ್ಯಾಂಗ್ ಬಿಟ್ರಿ ಅಂದೇಳಿ ಇವ್ರಿಗೊಂದ್ ಚೂರ್ ಹೇಳಿ. ನಮ್ ಮಾತ್ ಕೇಂತ್ರಿಲ್ಲೆ,” ಎಂದಳು. ಇವತ್ತು ಈ ಅಪವಾದವನ್ನು ತೊಳೆದೇ ಬಿಡುತ್ತೇನೆಂದು ನಾನು ನೆಟ್ಟಗೆ ನಿಂತು, ನೋಡಮ್ಮ, ದೇವರಾಣೆ, ನಾನು ಯಾವತ್ತೂ ಕುಡಿದವನೇ ಅಲ್ಲ ಎಂದೆ. ಅಲ್ಲಿಯ ತನಕ ನೆಲ ನೋಡುತ್ತಿದ್ದ ಗಂಡನ ಮುಖ ಒಮ್ಮೆಲೇ ಅರಳಿತು. “ಕೇಂಡ್ಯಾ? ನಾನೂ ನಿಂಗ್ ದಿನಾ ಇದನ್ನೇ ಅಲ್ದಾ ಹೇಳುದ್!” ಎಂದು ಹೆಂಡತಿಯ ಕಡೆ ತಿರುಗಿದ. ಅವಳು ನನ್ನನ್ನು ನೋಡಿದಳು. ಆ ನೋಟದ ಎದುರು ಸತ್ಯಕ್ಕೆ ನಿಲ್ಲಲಾಗಲಿಲ್ಲ. ನಾನು ದೀಪ ಆರಿಸಿದೆ, ಅವನಿಗೊಂದು ಸ್ಟೂಲು ಕೊಟ್ಟೆ, ಕುರ್ಚಿ ಎಳೆದು ಅವನ ಎದುರು ಕೂತೆ, ಗಂಟಲು ಸರಿ ಮಾಡಿಕೊಂಡು, ನಾನು ಕುಡಿಯಲು ಶುರು ಮಾಡಿದ ಕತೆಯನ್ನು ಮೊದಲಿನಿಂದ ಹೇಳತೊಡಗಿದೆ.